ಟಿ.ವಿ. ಮೇಲಿನ ಅಂಗೈ

ಶಿರಾಳಕೊಪ್ಪದ ಆ ವಿಡಿಯೊ ಅಂಗಡಿಯವರು ಎರಡು ವಿ.ಸಿ.ಆರ್. ಜೋಡಿಸಿ, ಸಿನಿಮಾಗಳ ಮುಜುಗರದ ದೃಶ್ಯಗಳನ್ನು ಬಿಟ್ಟು ನಕಲು ಕ್ಯಾಸೆಟ್ ಮಾಡಿ ಬಾಡಿಗೆಗೆ ಕೊಡುತ್ತಿದ್ದರು. "ಮನೆಮಂದಿ ಕೂತು ನೋಡ್ಬೋದು ರೀ" ಎನ್ನುವುದು ಅವರ ಮಾತು. ಅದು ಕಾನೂನಿಗೆ ವಿರುದ್ಧವೆಂದು ಗೊತ್ತಿತ್ತು. ಹೊರಗೆ ಪೊಲೀಸ್ ಜೀಪು ನಿಂತರೆ ಬೆವರುತ್ತಿದ್ದರು.

ನಾನೂ ಅಮ್ಮನೂ ಅಲ್ಲಿದ್ದ ಒಂದು ಮಧ್ಯಾಹ್ನ ಜೀಪು ಬಂದೇ ಬಂತು. ನಕಲುಗಳನ್ನೆಲ್ಲ ಅಂಗಡಿಯವರು ಅಷ್ಟರಲ್ಲಿ ಒಳಕೋಣೆಗೆ ಸಾಗಿಸಿಯಾಗಿತ್ತು.

"ಸಿನಿಮಾ ಕಟ್ ಮಾಡಿ ಕೊಡ್ತೀರಂತಲ್ಲ?" ಎಂದರು ಅಧಿಕಾರಿ.

"ಇಲ್ಲ ಸಾರ್, ಎಲ್ಲ ಅಸಲಿ" ಎಂದು ಇವರು ಒಂದು ಕ್ಯಾಸೆಟ್ ಹಾಕಿ ತೋರಿಸಿದರು.

ಅದರಲ್ಲಿ ಮುಜುಗರದ ದೃಶ್ಯವೊಂದು ಬಂತು. ಅದು ಪೂರ್ತಿ ಓಡಿದ್ದರೆ ಕ್ಯಾಸೆಟ್ ಅಸಲಿಯೆಂದು ಸಾಬೀತಾಗಿ ಅಂಗಡಿಯವರು ಪಾರಾಗುತ್ತಿದ್ದರು. ಆದರೆ ಅವರು ಅಮ್ಮನ ಕಡೆ ನೋಡಿ, ಎದ್ದು, ಟಿ.ವಿ.ಗೆ ಅಂಗೈ ಅಡ್ಡ ಹಿಡಿದರು.

"ಕೈ ತೆಗೀರಿ."

"ಹೆಣ್ಮಕ್ಕಳು ಅದಾರೆ, ಸಾರ್."

ಅಧಿಕಾರಿ ಆ ಕೈಯನ್ನು ನೋಡಿ, ಎದ್ದು ಒಳಕೋಣೆಯ ಬಾಗಿಲು ತಳ್ಳಿದರು. ಇವರು ಕೈ ತೆಗೆಯಲಿಲ್ಲ.