ಹಿತ್ತಾಳೆ ಉಬ್ಬುವಷ್ಟು ಜಾಗ

ಕುದಿಯುವ ಕಬ್ಬಿನ ರಸದ ಕಮ್ಮನೆಯ ವಾಸನೆಗೆ ಡೀಸೆಲ್ ಹೊಗೆ ಬೆರೆತು ಮೂಗಿಗೆ ಬಂದರೆ ಈಗಲೂ ನನಗೆ ಆ ಗಾಣದ ದಿನ ನೆನಪಾಗುತ್ತದೆ. ತೊಂಬತ್ತರ ದಶಕ. ಬೈಲಹೊಂಗಲದಲ್ಲಿ ನಮ್ಮದು ಮುಂದೆ ಲೇತು, ಹಿಂದೆ ಒಲೆ, ನಡುವೆ ಹೊಸ್ತಿಲು ಇದ್ದ ಮನೆ. ಬೆಲ್ಲದ ಗಾಣದವರ ಹಳೆಯ ಪಂಪುಗಳಲ್ಲಿ ಪಿಸ್ಟನ್ ಮೇಲೆ ಕೆಳಗೆ ಹೊಡೆಯುತ್ತಿತ್ತು. ವಾಲ್ವಿಗೆ ಸಿಪ್ಪೆ ಸಿಕ್ಕು ಗಳಿಗೆಗೊಮ್ಮೆ ನಿಲ್ಲುತ್ತಿತ್ತು. ಅಪ್ಪ ವಾಲ್ವೇ ಬೇಡದ ಪಂಪನ್ನು ಯೋಚಿಸಿದ. ಡಮರುಗದಂತೆ ನಡು ಸಣ್ಣಗಿನ ಎರಡು ಹಿತ್ತಾಳೆ ಪಿಸ್ಟನ್ನುಗಳು ಕಬ್ಬಿಣದ ಗೂಡಿನೊಳಗೆ ಒಂದಕ್ಕೊಂದು ತಾಗದೆ ಎದುರುಬದುರು ತಿರುಗುತ್ತ, ರಸವನ್ನು ಗೋಡೆಗುಂಟ ತಳ್ಳಿಕೊಂಡು ಹೋಗಬೇಕು. ನಡುವೆ ಗಾಳಿಪಟದ ಹಾಳೆಯೂ ತೂರಬಾರದೆಂಬುದು ಅವನ ಹಟ. ರಾಮದುರ್ಗದ ಗೌಡರೊಬ್ಬರ ಗಾಣದಲ್ಲಿ ಪರೀಕ್ಷೆ ಗೊತ್ತಾಯಿತು. ಸೋತರೆ ಲೇತು ಮಾರಿ ಇನ್ನೊಬ್ಬರ ಕೈಕೆಳಗೆ ದುಡಿಯುವೆನೆಂದು ಆಣೆ ಇಟ್ಟಿದ್ದ.

“ಬಿಸಿ ಹತ್ತಿದ್ರ ಹಿತ್ತಾಳಿ ಉಬ್ಬತೈತ್ರಿ, ಸ್ವಲ್ಪ ಜಾಗಾ ಬಿಡ್ರಿ,” ಎಂದಳು ಅವ್ವ.

“ಒಲಿ ಮುಂದಿನ ಶಾಣ್ಯಾತನ ಒಲಿ ಮುಂದ ಇರಲಿ,” ಎಂದ ಅಪ್ಪ.

ಆತ ಕಿತ್ತೂರಿಗೆ ಹೋದ ದಿನ ಅವ್ವ ನನ್ನ ಕೈಯಲ್ಲಿ ಬೋಲ್ಟುಗಳನ್ನು ಬಿಚ್ಚಿಸಿದಳು. ಪಿಸ್ಟನ್ನುಗಳನ್ನು ಕುದಿಯುವ ನೀರಿನಲ್ಲಿ ಇಳಿಸಿ ತೆಗೆದು ಗೂಡಿಗೆ ಕೂರಿಸಿ ನೋಡಿದಳು. ಅಲುಗಲಿಲ್ಲ. ಆರಿಸಿದಳು, ಎಣ್ಣೆ ಹಚ್ಚಿ ಎಮರಿ ಪೇಪರಿನಿಂದ ಉಜ್ಜಿದಳು, ಮತ್ತೆ ಕುದಿಸಿದಳು. ಬಿಸಿಯಲ್ಲೂ ಸರಾಗ ತಿರುಗುವವರೆಗೆ ಬಿಡಲಿಲ್ಲ. “ಅಪ್ಪಗ ಹೇಳಬ್ಯಾಡ, ಅವ್ವಿ,” ಎಂದಳು ನನಗೆ. ಅವಳ ಬೆರಳ ತುದಿಗಳು ಕೆಂಪಗೆ ಸುಲಿದಿದ್ದವು.

ಪರೀಕ್ಷೆಯ ದಿನ ಅಪ್ಪನ ಜೊತೆ ಅವ್ವನೂ ನಾನೂ ಹೋಗಿದ್ದೆವು. ಗಾಣದಲ್ಲಿ ಮೊದಲು ತಣ್ಣೀರು ಹಾಯಿಸಿದರು. ಕೊಳವೆಯಿಂದ ಕಿರುಬೆರಳಿನಷ್ಟು ಧಾರೆ.

“ಏನೋ ಮಿಸ್ತ್ರಿ, ಇದಕ್ಕಿಂತ ನಮ್ಮ ಎಮ್ಮಿ ಉಚ್ಚಿ ಜೋರೈತಲ್ಲೋ!” ಎಂದರು ಗೌಡರು. ಸುತ್ತಲಿನವರೆಲ್ಲ ನಕ್ಕರು. ಅಪ್ಪ ತಿರುಗಿ ಅವ್ವನ ಬೆರಳುಗಳನ್ನು ನೋಡಿದ. ಅವಳು ಉಜ್ಜಿ ಬಿಟ್ಟ ಸಂದಿನಲ್ಲೇ ನೀರು ಹಿಂದಕ್ಕೆ ಜಾರುತ್ತಿದೆಯೆಂದು ಅವನಿಗೆ ತಿಳಿಯಿತು. ಅವನ ದವಡೆ ಬಿಗಿದದ್ದು ಕಂಡು ನಾನು ಅವಳ ಸೀರೆಯ ನಿರಿಗೆ ಹಿಡಿದುಕೊಂಡೆ.

“ಕಾದ ರಸಾ ಬಿಡ್ರಿ,” ಎಂದಳು ಅವ್ವ. “ಬಿಟ್ಟರ ನೋಡ್ರಿ.”

ಅಪ್ಪ ಬಿಟ್ಟ. ಪಂಪು ಒಂದೆರಡು ಸಲ ಗೊರಗುಟ್ಟಿತು. ಬರಬರುತ್ತ ಸದ್ದು ಭಾರವಾಯಿತು, ಧಾರೆ ದಪ್ಪವಾಗಿ ಮುಂಗೈಯಷ್ಟಾಗಿ ಕೊಪ್ಪರಿಗೆಗೆ ಬಿತ್ತು.

“ಶಾಬಾಸ್! ಕೈ ಅಂದ್ರ ಇದು!” ಎಂದರು ಗೌಡರು.

“ಎಲ್ಲಾ ಲೆಕ್ಕಾ ಹಾಕಿ ಮಾಡೇನ್ರಿ,” ಎಂದ ಅಪ್ಪ. ಅವ್ವ ಸೆರಗಿನಲ್ಲಿ ಕೈ ಮುಚ್ಚಿಕೊಂಡಳು.

ಈಗ ನಾನು ಸವದತ್ತಿಯಲ್ಲಿ ಪಂಪಿನ ಅಂಗಡಿ ನಡೆಸುವವಳು. ಬಂದವರಿಗೆಲ್ಲ ಹೇಳುತ್ತೇನೆ, ನೀವೂ ಕೇಳಿ: ತಣ್ಣೀರಿನ ಧಾರೆಗೆ ಮರುಳಾಗಬೇಡಿ, ನಿಮ್ಮ ಸರಕನ್ನೇ ಹಾಯಿಸಿ ನೋಡಿ, ಆಮೇಲೆ ಚೌಕಾಶಿಗೆ ಇಳಿಯಿರಿ. ಆ ದಿನದ ನಂತರ ಅಪ್ಪ ಪ್ರತಿ ಪಿಸ್ಟನ್ನನ್ನೂ ತಂದು, ಮಾತಾಡದೆ ಹೊಸ್ತಿಲ ಮೇಲೆ ಇಡುತ್ತಿದ್ದ. ಅವಳು ಕುದಿಸಿ, ಉಜ್ಜಿ, ಮಾತಾಡದೆ ಅಲ್ಲೇ ಇಡುತ್ತಿದ್ದಳು. ಪಂಪುಗಳ ಮೇಲೆಲ್ಲ ಅಪ್ಪನ ಹೆಸರು ಎರಕವಾಗುತ್ತಿತ್ತು. ಈಗ ಆ ಮನೆಯಿಲ್ಲ, ಅವರಿಬ್ಬರೂ ಇಲ್ಲ. “ನಿಮ್ಮವ್ವನ ಹೆಸರು ಎಲ್ಲಿ ಹಾಕಿದ್ರ ಚಂದ ಕಾಣತಿತ್ತ?” ಎಂದು ಅಪ್ಪ ಒಂದೇ ಸಲ ಕೇಳಿದ್ದ. ಕೇಳಿದ್ದು ನನ್ನನ್ನು, ಅವಳನ್ನು ಮಣ್ಣು ಮಾಡಿ ಬಂದ ದಿನ.