ಆಕಾಶ ಗುರಿಯಿಟ್ಟ ಭರಣಿ

ಮದುವೆಯಾಗಿ ಮುಳ್ಳೇರಿಯಕ್ಕೆ ಬಂದ ಮೊದಲ ವರ್ಷ. ಬೋವಿಕಾನದಲ್ಲಿ ನೆಂಟರ ಮದುವೆಯೆಂದು ಮನೆಯವರೆಲ್ಲ ಹೋಗಿದ್ದರು. ನಾನು ಮುಟ್ಟಾಗಿದ್ದೆ, ಹಾಗಾಗಿ ಹೊರಜಗಲಿಯೇ ಗತಿ. ಕೈಯಲ್ಲೊಂದು ಇಂಗ್ಲಿಷ್ ನಾವೆಲ್. ಟು ಬಿ ಫ್ರ್ಯಾಂಕ್, ಸುಖವಾಗಿಯೇ ಇದ್ದೆ.

ಆಕಾಶದಲ್ಲಿ ಬಿಳಿಗೆರೆಯೊಂದು ಕುಡುಗೋಲಿನ ಹಾಗೆ ಬಾಗುತ್ತಿತ್ತು. ನೋಡುತ್ತಿದ್ದಂತೆ ಢಂ ಎಂದು ಸಿಡಿತ. ಹೆಂಚು ನಡುಗಿತು. ಉಗ್ರಾಣದಲ್ಲಿ ಏನೋ ಬಿದ್ದು ಒಡೆಯಿತು. ಕಿಟಕಿಯಲ್ಲಿ ಇಣುಕಿದೆ: ಉಪ್ಪಿನಕಾಯಿ ಭರಣಿ ಚೂರುಚೂರು, ನೆಲದ ತುಂಬ ಮಿಡಿಮಾವು.

ಸಂಜೆ ಅತ್ತೆ ಬಂದವರೇ, "ಒಳಗೆ ಹೋಗಿ ಮುಟ್ಟಿದ್ದಾಳೆ. ಕಾನ್ವೆಂಟಿನವಳಿಗೆ ಎಂತ ಮಡಿ!" ಎಂದರು.

ಸಿಡಿತದ ಕತೆ ಹೇಳಿದೆ. "ಬೋವಿಕಾನದಲ್ಲಿ ದೂರದ ಗುಡುಗಿನ ಹಾಗೆ ಕೇಳಿತಷ್ಟೆ," ಎಂದಳು ನಾದಿನಿ.

"ಆಕಾಶಕ್ಕೆ ನಮ್ಮ ಭರಣಿಗೇ ಗುರಿ ಇಡ್ಲಿಕ್ಕೆ ಉಂಟಾ ಮಾರಾಯ್ತಿ?" ಎಂದರು ಅತ್ತೆ. ಎಲ್ಲರೂ ನಕ್ಕರು. ನನ್ನ ಗಂಡನೂ.

ಅಂದಿನಿಂದ ಮಿಡಿಗೆ ಉಪ್ಪು ಹಾಕುವ ಕೆಲಸ ನಾದಿನಿಯದಾಯಿತು. ಪೈವಳಿಕೆಗೆ ಮದುವೆಯಾಗಿ ಹೋದಮೇಲೂ ವರ್ಷವರ್ಷ ಬಂದು ಹಾಕುತ್ತಿದ್ದಳು. ಅತ್ತೆ ಹೋದರು, ಇವರೂ ಹೋದರು. ಆ ಪದ್ಧತಿ ಮಾತ್ರ ಉಳಿಯಿತು. ಅತ್ತೆಯ ಬೈಗುಳವೂ ಈಗ ನೆನಪಾದರೆ ಸಿಹಿಯೇ. ನಂಬಲಿಲ್ಲವಲ್ಲ ಎಂಬುದೊಂದೇ ಹುಳಿ.

ಮೊನ್ನೆ ಮೊಮ್ಮಗಳು ರಜೆಗೆ ಬಂದಿದ್ದಳು. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನದ ಸಿಡಿತವನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುವುದೇ ಅವಳ ರಿಸರ್ಚ್. ಗಾಳಿಯನ್ನು ಪುಟ್ಟ ಚೌಕಗಳಾಗಿ ಕತ್ತರಿಸಿ, ಒಂದೊಂದರಲ್ಲೂ ಒತ್ತಡ ಎಷ್ಟೆಂದು ಲೆಕ್ಕ ಬಿಡಿಸುತ್ತಾಳೆ. ಪರದೆಯ ಮೇಲೆ ನೀಲಿಯ ನಡುವೆ ತೆಳ್ಳಗೆ ಕೆಂಪು ಗೆರೆ.

"ವಿಮಾನ ತಿರುಗಿದರೆ ಸದ್ದೆಲ್ಲ ಬಂದು ಇಲ್ಲಿ ಸೇರ್ತದೆ ಅಜ್ಜಿ, ಭೂತಗನ್ನಡಿಯಲ್ಲಿ ಬಿಸಿಲು ಸೇರಿದ ಹಾಗೆ. ಸ್ವಲ್ಪ ಆಚೆಗೆ ಬರೀ ಗುಡುಗು."

ಭರಣಿಯ ಕತೆ ಹೇಳಿದೆ.

"ಬಿಳಿಗೆರೆ ನೇರ ಇತ್ತಾ, ಬಾಗಿತ್ತಾ?"

"ಬಾಗಿತ್ತು."

"ಹಾಗಾದರೆ ಪಾಸಿಬಲ್. ಆದರೆ ವಿಮಾನದ ದಾರಿ, ಅವತ್ತಿನ ಗಾಳಿ ಗೊತ್ತಿಲ್ಲದೆ ಪ್ರೂಫ್ ಅಂತ ಹೇಳ್ಲಿಕ್ಕೆ ಆಗುದಿಲ್ಲ."

ಪಾಸಿಬಲ್! ಇಷ್ಟು ವರ್ಷಕ್ಕೆ ಅಷ್ಟಾದರೂ ಸಿಕ್ಕಿತಲ್ಲ. ನಾದಿನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಅಮ್ಮ ಇರಬೇಕಿತ್ತು," ಎಂದಳು. "ಅತ್ತಿಗೆ, ಈ ಸಲ ಮಿಡಿ ನಾನು ತರ್ತೇನೆ. ಉಪ್ಪು ನೀವೇ ಹಾಕಿ."

ಹ್ಞೂಂ ಎಂದೆ. ಫೋನ್ ಇಡುವ ಮೊದಲು ನಾಚಿಕೆಬಿಟ್ಟು ಕೇಳಲೇಬೇಕಾಯಿತು, ನೂರು ಮಿಡಿಗೆ ಉಪ್ಪು ಎಷ್ಟು ಎಂದು.