ನಾಲ್ಕನೇ ಡ್ರಮ್ಮಿನ ಮುಚ್ಚಳ

ಆ ಶುಕ್ರವಾರ ಸಂಜೆ ಲಗ್ಗೆರೆಯ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ನನ್ನ ಗಂಡ ಮೀನು ಹಿಡಿಯಲು ದೋಣಿ ಕಟ್ಟುತ್ತಿದ್ದರು. ಗುಜರಿಯಿಂದ ತಂದ ನಾಲ್ಕು ನೀಲಿ ಡ್ರಮ್ಮು, ಅವುಗಳ ಮೇಲೆ ಪ್ಯಾಕಿಂಗ್ ಮರದ ಹಲಗೆ. ಗಾಳದ ದಾರಕ್ಕೆ ಭಾರವಾಗಿ ತಮ್ಮ ಲೇತ್ ಶಾಪಿನ ರಿಜೆಕ್ಟ್ ನಟ್ಟುಗಳನ್ನು ಕಟ್ಟಿದ್ದರು. ಭಾನುವಾರ ಮಾಕಳಿ ಕಡೆಯ ಕೆರೆಗೆ ಇಳಿಸಬೇಕಿತ್ತು.

ಒಂದು ಡ್ರಮ್ಮಿನ ಬಾಯಿಯ ಪುಟ್ಟ ತಿರುಪು ಮುಚ್ಚಳಕ್ಕೆ ವಾಷರ್ ಇರಲಿಲ್ಲ. ಅವರು ಹಳೆಯ ಸೈಕಲ್ ಟ್ಯೂಬನ್ನು ಉಂಗುರದಂತೆ ಕತ್ತರಿಸಿ ಕೂರಿಸಿದರು. ನನಗೆ ನೀರೆಂದರೆ ಭಯ.

"ಟ್ಯೂಬೆಲ್ಲಾ ಬೇಡ ಕಣ್ರೀ, ಸರಿಯಾದ್ದು ತಂದ್ಹಾಕಿ," ಎಂದೆ.

"ಮೀನು ಸಿಗೋ ಮುಂಚೆ ನಿನ್ ಕಾಟ ಶುರುವಾಯ್ತಲ್ಲ! ಬೆಳಿಗ್ಗೆ ತರ್ತೀನಿ ಬಿಡು," ಎಂದು ನಕ್ಕರು.

ಬೆಳಿಗ್ಗೆ ಅಳತೆಗೆಂದು ಮುಚ್ಚಳವನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಕೆಲಸದ ದಾರಿ ಬಿಟ್ಟು ತುಮಕೂರು ರಸ್ತೆಯ ಅಂಗಡಿಗೆ ಹೋದರು. ವಾಪಸ್ ಬರುವಾಗ ಲಾರಿಯೊಂದು ಅವರ ಬೈಕಿಗೆ ಗುದ್ದಿತು. ಅಲ್ಲೇ ತೀರಿಕೊಂಡರು. ಅವರು ಆ ರಸ್ತೆಗೆ ಹೋದದ್ದು ನನ್ನ ಮಾತಿಗೆ.

ಆಸ್ಪತ್ರೆಯವರು ಕೊಟ್ಟ ಕವರಿನಲ್ಲಿ ವಾಚು, ಬೈಕಿನ ಕೀಲಿ, ಹೊಸ ವಾಷರ್ ಇದ್ದವು.

ದೋಣಿ ತಾರಸಿಯಲ್ಲೇ ಇದೆ. ಮೂರು ಡ್ರಮ್ಮಿನ ಬಾಯಿ ಮುಚ್ಚಿದೆ, ನಾಲ್ಕನೆಯದರಲ್ಲಿ ಮಳೆನೀರು ನಿಂತಿದೆ. ಅದರ ಮುಚ್ಚಳ ಇನ್ನೂ ಸಿಕ್ಕಿಲ್ಲ.